ಅರಮನೆ, ತೋಟ, ಹಳ್ಳಿ: ವಿಜಯಪುರದ ಸೀಮೆಯನ್ನು ನೋಡುವ ಬಗೆ

ಫ್ರಾನ್ಸಿಗೆ ಹೋಗಿಬಂದ ನಮ್ಮವರು ಮೊದಲು ಪ್ಯಾರಿಸ್ ನಗರವನ್ನು ಕೊಂಡಾಡುತ್ತಾರೆ. ಅದು ಮುಗಿದ ಮೇಲೆ, ಕೇಳುವವರಿಗೆ ತಾಳ್ಮೆಯಿದ್ದರೆ, ಲ್ವಾರ್ ನದಿಯ ಕಣಿವೆಯ ಮಾತು ಬರುತ್ತದೆ. ಅಲ್ಲಿನ ಅರಮನೆಗಳು, ಅವುಗಳನ್ನು ಸುತ್ತಿದ ತೋಟಗಳು, ತೋಟದ ಗೋಡೆಗೆ ಆತುಕೊಂಡಂತಿರುವ ಸಣ್ಣ ಹಳ್ಳಿಗಳು, ಇವನ್ನು ವರ್ಣಿಸುವಾಗ ಅವರ ದನಿಯೇ ಬೇರೆಯಾಗುತ್ತದೆ. ಅದರಲ್ಲಿ ಸೋಜಿಗವೇನೂ ಇಲ್ಲ. ನಗರವು ಕಣ್ಣನ್ನು ಬೆರಗುಗೊಳಿಸುತ್ತದೆ; ಒಂದು ದೇಶದ ಜನ ಹೇಗೆ ಬದುಕಿದರು, ಏನನ್ನು ಉಂಡರು, ಯಾರಿಗಾಗಿ ದುಡಿದರು ಎಂಬುದನ್ನು ಹೇಳುವುದು ಹಳ್ಳಿಗಾಡು.

ಲ್ವಾರ್ ಸೀಮೆಯ ಹೆಚ್ಚುಗಾರಿಕೆ ಬರಿಯ ಕಟ್ಟಡಗಳಲ್ಲಿಲ್ಲ. ಶಾಂಬೋರ್ ಎಂಬಲ್ಲಿನ ಮಹಾಸೌಧವನ್ನು ಒಂದನೆಯ ಫ್ರಾಂಸ್ವಾ ದೊರೆ ೧೫೧೯ರಲ್ಲಿ ಕಟ್ಟಲಾರಂಭಿಸಿದನು. ಅದರಲ್ಲಿ ನಾನೂರಕ್ಕೂ ಹೆಚ್ಚು ಕೋಣೆಗಳಿವೆ. ಆದರೆ ಆ ದೊರೆ ತನ್ನ ಆಳಿಕೆಯಲ್ಲೆಲ್ಲ ಅಲ್ಲಿ ತಂಗಿದ್ದು ಕೆಲವೇ ವಾರಗಳು. ಶೆನೊನ್ಸೋ ಎಂಬ ಅರಮನೆ ಶೇರ್ ನದಿಯ ಮೇಲೆ ಸೇತುವೆಯಂತೆ ಚಾಚಿಕೊಂಡು ನಿಂತಿದೆ. ವಿಲಾಂದ್ರಿ ಎಂಬಲ್ಲಿ ೧೯೦೬ರಲ್ಲಿ ಅರಮನೆಯನ್ನು ಕೊಂಡ ಜೋಕಿಂ ಕಾರ್ವಾಲೋ ಎಂಬ ವಿಜ್ಞಾನಿ ಹಿಂದಿನ ಶೈಲಿಯ ತೋಟವನ್ನು ಮರಳಿ ಎಬ್ಬಿಸಿದನು. ಅಲ್ಲಿ ಕೋಸು, ಈರುಳ್ಳಿ, ಗಜ್ಜರಿಗಳನ್ನೇ ರಂಗವಲ್ಲಿಯಂತೆ ಪಾತಿಮಾಡಿ ಬೆಳೆಯುತ್ತಾರೆ. ದೊರೆಯ ತೋಟವೂ ಒಕ್ಕಲಿಗನ ಹಿತ್ತಿಲೂ ಅಲ್ಲಿ ಒಂದೇ ಆಗಿವೆ. ಈ ಕಣಿವೆಯ ಬಹುಭಾಗವನ್ನು ೨೦೦೦ದಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ಬಿಡಿಬಿಡಿಯಾದ ಕಟ್ಟಡಗಳನ್ನಲ್ಲದೆ, ನದಿ, ಊರು, ಹೊಲ, ತೋಟ, ಅರಮನೆಗಳೆಲ್ಲ ಕೂಡಿದ ಇಡಿಯ ನೆಲದ ನೋಟವನ್ನೇ ಗೌರವಿಸಿದರು.

ಹಳ್ಳಿಗಳಿಗೂ ಅಲ್ಲಿ ಮಾನವುಂಟು. ೧೯೮೨ರಲ್ಲಿ ಆ ದೇಶದಲ್ಲಿ ಚೆಲುವಾದ ಹಳ್ಳಿಗಳದೇ ಒಂದು ಸಂಘ ಹುಟ್ಟಿತು. ಅದನ್ನು ಸೇರಬೇಕಾದರೆ ಊರಿನ ಜನಸಂಖ್ಯೆ ೨೦೦೦ವನ್ನು ಮೀರಿರಬಾರದು. ರಕ್ಷಿತವಾದ ಎರಡು ಸ್ಮಾರಕಗಳಾದರೂ ಊರಲ್ಲಿರಬೇಕು. ಊರಿನ ಪಂಚರೇ ಒಪ್ಪಿ ಕೇಳಿಕೊಳ್ಳಬೇಕು. ಸಣ್ಣದಾಗಿರುವುದು ಕೊರತೆಯಲ್ಲ, ಯೋಗ್ಯತೆ ಎಂಬ ಈ ನಿಬಂಧನೆ ನಮಗೆ ಬಹಳ ಹಿಡಿಸಿತು.

ಇಷ್ಟು ದೂರದ ಮಾತನ್ನು ತೆಗೆದುದಕ್ಕೆ ಕಾರಣವಿದೆ. ಅರಮನೆ, ತೋಟ, ಹಳ್ಳಿ ಈ ಮೂರನ್ನೂ ಕೂಡಿಸಿ ನೋಡತಕ್ಕ ಒಂದು ಸೀಮೆ ಕನ್ನಡನಾಡಿನಲ್ಲಿಯೇ ಇದೆ. ಹಿಂದೆ ಬಿಜಾಪುರವೆನ್ನುತ್ತಿದ್ದು, ೨೦೧೪ರಿಂದ ವಿಜಯಪುರವೆಂದು ಹೆಸರು ಪಡೆದ ಪಟ್ಟಣದ ಸುತ್ತಣ ಪ್ರದೇಶವೇ ಅದು. ಅಲ್ಲಿಗೆ ಹೋಗುವವರಲ್ಲಿ ಬಹುಮಂದಿ ಮಾಡುವುದೇನು? ಗೋಳಗುಮ್ಮಟವನ್ನು ಹತ್ತಿ, ಪಿಸುಮಾತಿನ ಮೊಗಸಾಲೆಯಲ್ಲಿ ಒಮ್ಮೆ ಕೂಗಿ, ಮಾರ್ದನಿಗಳನ್ನೆಣಿಸಿ, ಇಬ್ರಾಹಿಂ ರೋಜಾದ ಮುಂದೆ ಚಿತ್ರ ತೆಗೆಸಿಕೊಂಡು, ಸಂಜೆಯ ಗಾಡಿಗೆ ಹಿಂತಿರುಗುತ್ತಾರೆ. ಇದು ಒಂದು ಕಾವ್ಯದ ಕೊನೆಯ ಪದ್ಯವನ್ನು ಮಾತ್ರ ಓದಿದಂತೆ. ಆ ಗುಮ್ಮಟಗಳು ಸಮಾಧಿಗಳು. ಬದುಕಿದ್ದವರ ಕಥೆ ಬೇರೆ ಕಡೆ ಇದೆ.

ಆದುದರಿಂದ ನಾವು ಈ ಸೀಮೆಯನ್ನು ನೋಡಹೊರಟಾಗ ಪಟ್ಟಣವನ್ನು ಬಿಟ್ಟು, ಬಬಲೇಶ್ವರದ ಕಡೆಯ ನಿಡೋಣಿ ಎಂಬ ಹಳ್ಳಿಯನ್ನು ನಡುವಿಟ್ಟುಕೊಂಡೆವು. ಬಬಲೇಶ್ವರವೂ ತಿಕೋಟಾವೂ ಮೊದಲು ವಿಜಯಪುರ ತಾಲ್ಲೂಕಿಗೆ ಸೇರಿದ್ದು, ಈಚೆಗೆ ತಾವೇ ತಾಲ್ಲೂಕುಗಳಾಗಿವೆ. ನಿಡೋಣಿಯಲ್ಲಿ ಮಹಾಸ್ಮಾರಕವೇನಿದೆ ಎಂದು ಕೆಲವರು ಕೇಳಬಹುದು. ಹೆಸರುವಾಸಿಯಾದ ಸ್ಮಾರಕವನ್ನು ಹುಡುಕಿ ನಾವು ಅಲ್ಲಿಗೆ ಹೋಗಲಿಲ್ಲ. ಸ್ಮಾರಕಗಳು ಯಾವ ನೆಲದಿಂದ ಎದ್ದವೋ ಆ ನೆಲವನ್ನು ಮೊದಲು ಕಾಣಬೇಕೆಂದು ಹೋದೆವು.

ಆ ನೆಲ ಎರೆಮಣ್ಣಿನದು. ಬೇಸಗೆಯಲ್ಲಿ ಅಂಗೈ ತೂರುವಷ್ಟು ಬಿರಿಯುವುದು, ಮಳೆಗಾಲದಲ್ಲಿ ಕಾಲನ್ನು ಬಿಡದೆ ಹಿಡಿಯುವುದು ಅದರ ಗುಣ. ವರ್ಷಕ್ಕೆ ಬೀಳುವ ಮಳೆ ಸುಮಾರು ೬೦೦ ಮಿಲಿಮೀಟರು ಮಾತ್ರ. ಅದೂ ಬಂದರೆ ಬಂತು. ಆದರೆ ಬಂದ ನೀರನ್ನು ಈ ಮಣ್ಣು ಹೊಟ್ಟೆಯಲ್ಲಿಟ್ಟುಕೊಳ್ಳುತ್ತದೆ. ಹಿಂಗಾರಿಯ ಬಿಳಿಜೋಳವನ್ನು ಮಳೆಗಾಲದ ಕೊನೆಗೆ ಬಿತ್ತಿದರೆ, ಆಮೇಲೆ ಹನಿ ಬೀಳದಿದ್ದರೂ ಮಣ್ಣಿನ ಹಸಿಯನ್ನೂ ಇಬ್ಬನಿಯನ್ನೂ ನಂಬಿ ಅದು ತೆನೆಗಟ್ಟುತ್ತದೆ. ಪಟ್ಟಣದಿಂದ ಬಬಲೇಶ್ವರಕ್ಕೆ ಹೋಗುವ ದಾರಿಯಲ್ಲಿ ಸಾರವಾಡದ ಬಳಿ ಡೋಣಿ ಹೊಳೆಯನ್ನು ದಾಟಬೇಕು. ನೀರು ಉಪ್ಪು, ದಂಡೆಯ ಮಣ್ಣು ಮಾತ್ರ ಚಿನ್ನ. ಡೋಣಿ ಬೆಳೆದರೆ ಓಣಿಯ ತುಂಬ ಜೋಳ ಎಂಬ ನಾಣ್ಣುಡಿ ಆ ಕಡೆ ಇಂದಿಗೂ ಬಳಕೆಯಲ್ಲಿದೆ. ಅರಸರ ಬೊಕ್ಕಸ ತುಂಬಿದುದೂ ಕುದುರೆ ಆನೆಗಳು ಮೇದುದೂ ಇಂತಹ ಹೊಲಗಳಿಂದಲೇ ಎಂಬುದನ್ನು ನೆನೆದರೆ, ಜೋಳದ ತೆನೆಗೂ ಗುಮ್ಮಟದ ಕಲಶಕ್ಕೂ ಇರುವ ನಂಟು ಕಣ್ಣಿಗೆ ಕಟ್ಟುತ್ತದೆ.

ಹಳ್ಳಿಗಳಿಗೆ ತಮ್ಮದೇ ಆದ ಕೋಟೆಗಳೂ ಇವೆ. ಈ ಸೀಮೆಯ ಅನೇಕ ಊರುಗಳಲ್ಲಿ ಗೌಡರ ಅಥವಾ ದೇಸಾಯರ ವಾಡೆಯನ್ನು ಕಾಣಬಹುದು. ಎತ್ತರವಾದ ಗೋಡೆ, ಆನೆ ಹೊಗುವಂತಹ ಅಗಸೆ, ಒಳಗೆ ಅಂಗಳ, ಕಲ್ಲುಗೋಡೆಯ ಮೇಲೆ ಮಣ್ಣಿನ ಮಾಳಿಗೆ, ನೆಲದಡಿಯಲ್ಲಿ ಕಾಳು ತುಂಬಿಡುವ ಹಗೇವು. ಕೆಲವೆಡೆ ಊರ ನಡುವೆ ಗುಂಡಾದ ಹುಡೇವು ಒಂದು ನಿಂತಿರುತ್ತದೆ. ದಂಡು ಬಂತೆಂದು ಸುದ್ದಿ ಮುಟ್ಟಿದಾಗ ಹೆಂಗಸರು ಮಕ್ಕಳನ್ನು ಕರೆದುಕೊಂಡು ಊರವರು ಏರಿ ಕೂಡುತ್ತಿದ್ದ ಕಾವಲುಗೋಪುರವದು. ಫ್ರಾನ್ಸಿನ ಹಳೆಯ ಕೋಟೆಮನೆಗಳೂ ಮೊದಲಿಗೆ ಇದೇ ಅಂಜಿಕೆಯಿಂದ ಹುಟ್ಟಿದವು. ಅಂಜಿಕೆ ಕಡಿಮೆಯಾದ ಮೇಲೆ ಅವುಗಳ ಗೋಡೆಗಳಲ್ಲಿ ದೊಡ್ಡ ಕಿಟಕಿಗಳು ತೆರೆದುಕೊಂಡವು, ಸುತ್ತ ತೋಟಗಳು ಬಂದವು. ನಮ್ಮ ವಾಡೆಗಳು ಆ ಎರಡನೆಯ ಭಾಗ್ಯವನ್ನು ಕಾಣಲಿಲ್ಲ. ಹಲವು ಈಗ ಪಾಲಾಗಿ, ಬಾಗಿಲುಗಳು ಮಾರಾಟವಾಗಿ, ಗೋಡೆಯ ಕಲ್ಲು ಬೇರೆ ಮನೆಗಳಿಗೆ ಸಂದಿವೆ.

ಇನ್ನು ಅರಸರ ಅರಮನೆಗಳು. ಆದಿಲಶಾಹಿ ಮನೆತನ ಸುಮಾರು ೧೪೯೦ರಿಂದ ೧೬೮೬ರ ವರೆಗೆ ಇಲ್ಲಿ ಆಳಿತು. ಮೊದಲನೆಯ ಅಲಿ ಆದಿಲಶಾಹನ ಕಾಲದಲ್ಲಿ, ೧೫೬೧ರಲ್ಲಿ, ಗಗನಮಹಲ್ ಎದ್ದಿತು. ಅದರ ನಡುಗಮಾನಿನ ಅಗಲ ೬೦ ಅಡಿಗೂ ಮಿಕ್ಕಿದೆ. ಎರಡನೆಯ ಇಬ್ರಾಹಿಮನ ಕಾಲದಲ್ಲಿ ಸಾತ್ ಮಂಜಿಲ್ ಎಂಬ ಏಳು ಅಂತಸ್ತಿನ ಸೌಧವಾಯಿತು. ಮೇಲಣ ಅಂತಸ್ತುಗಳು ಈಗ ಇಲ್ಲವಾದರೂ ನೀರಿನ ಕೊಳವೆಗಳ ಗುರುತು ಗೋಡೆಗಳಲ್ಲಿದೆ. ಅದರ ಮುಂದೆ ನೀರಿನ ನಡುವೆ ನಿಲ್ಲುವಂತೆ ಕಟ್ಟಿದ ಜಲಮಂದಿರವೆಂಬ ಪುಟ್ಟ ಮಂಟಪವಿದೆ. ಪೂರ್ವದಿಕ್ಕಿಗೆ, ಸಿಂದಗಿಯ ದಾರಿಯಲ್ಲಿ, ಕುಮಟಗಿ ಎಂಬ ಹಳ್ಳಿಯ ಬಳಿ ಅರಸರ ಬೇಸಗೆಯ ವಿಹಾರಸ್ಥಳವಿದೆ. ಕೆರೆಯ ಮಗ್ಗುಲಲ್ಲಿ ಕೊಳ, ಕೊಳದೊಳಗೆ ಮಂಟಪ, ಮಂಟಪದ ಮಾಡಿನಿಂದ ಮಳೆಯಂತೆ ನೀರು ಸುರಿಯುವ ಏರ್ಪಾಡು. ಮಳೆಯೇ ಅಪರೂಪವಾದ ನಾಡಿನಲ್ಲಿ ಅರಸನು ತನಗಾಗಿ ಮಳೆಯನ್ನು ಮಾಡಿಸಿಕೊಂಡನು! ಮಂಟಪವೊಂದರ ಗೋಡೆಗಳ ಮೇಲೆ ಕುದುರೆ ಏರಿ ಚೆಂಡಾಡುವವರು, ಕುಸ್ತಿಯಾಡುವವರು, ಯೂರೋಪಿನ ಉಡುಪನ್ನು ತೊಟ್ಟವರು, ಇಂತಹ ಚಿತ್ರಗಳು ಇದ್ದವು. ಈಗ ಮಸಕುಮಸಕಾಗಿ ಉಳಿದಿವೆ.

ಇವೆಲ್ಲಕ್ಕೂ ನೀರು ಎಲ್ಲಿಂದ ಬಂತು ಎಂಬುದೇ ಈ ಸೀಮೆಯ ಮುಖ್ಯಪ್ರಶ್ನೆ. ಪಟ್ಟಣಕ್ಕೆ ಹತ್ತಿರದಲ್ಲಿ ದೊಡ್ಡ ನದಿಯಿಲ್ಲ. ಪಡುವಲಲ್ಲಿರುವ ತೊರವಿಯ ನೆಲ ಪಟ್ಟಣದ ನೆಲಕ್ಕಿಂತ ಎತ್ತರ. ಅಲ್ಲಿ ಅಂತರ್ಜಲವನ್ನು ಕೂಡಿಸಿ, ಬಂಡೆಯನ್ನು ಕೊರೆದ ಸುರಂಗದಲ್ಲಿ, ಯಾವ ಯಂತ್ರವೂ ಇಲ್ಲದೆ ಬರಿಯ ಇಳಿಜಾರಿನ ಬಲದಿಂದಲೇ ನೀರನ್ನು ಪಟ್ಟಣಕ್ಕೆ ಹರಿಸಿದರು. ಗಾಳಿಗೂ ಹೂಳೆತ್ತುವುದಕ್ಕೂ ನಡುನಡುವೆ ಬಾವಿಯಂತಹ ಬಾಯಿಗಳನ್ನು ಬಿಟ್ಟರು. ಪರ್ಷಿಯಾ ದೇಶದಲ್ಲಿ ಬಹು ಹಿಂದಿನಿಂದ ನಡೆದುಬಂದ ಕಾರೇಜ್ ಎಂಬ ಪದ್ಧತಿ ಇದು. ಆಮೇಲೆ ಮುಹಮ್ಮದ ಆದಿಲಶಾಹನು ೧೬೫೧ರಲ್ಲಿ ಪಟ್ಟಣದ ತೆಂಕಲಿಗೆ ಬೇಗಂ ತಲಾಬನ್ನು ಕಟ್ಟಿಸಿ, ಗಾರೆಯಲ್ಲಿ ಹೂತ ಮಣ್ಣಿನ ಕೊಳವೆಗಳ ಮೂಲಕ ನೀರನ್ನು ತಂದನು. ದಾರಿಯಲ್ಲಿ ಅಲ್ಲಲ್ಲಿ ಗಂಜ್ ಎಂಬ ನೀರುಗೋಪುರಗಳನ್ನು ನಿಲ್ಲಿಸಿದರು. ನೀರು ಗೋಪುರದೊಳಗೆ ಏರಿ ಇಳಿಯುವಾಗ ಅದರ ಒತ್ತಡ ತಗ್ಗುತ್ತದೆ, ಕೊಳವೆ ಒಡೆಯುವುದಿಲ್ಲ, ಮಣ್ಣು ತಳದಲ್ಲಿ ನಿಲ್ಲುತ್ತದೆ. ತಾಜ್ ಬಾವಡಿ, ಚಾಂದ್ ಬಾವಡಿಗಳಂತಹ ದೊಡ್ಡ ಬಾವಿಗಳು ಜನರಿಗೆ ನೀರನ್ನೊದಗಿಸಿದವು.

ಫ್ರಾನ್ಸಿನ ಅರಸರಿಗೂ ಇದೇ ಚಿಂತೆ ಇತ್ತು. ವರ್ಸಾಯಿಯ ತೋಟದ ಕಾರಂಜಿಗಳಿಗಾಗಿ ಹದಿನಾಲ್ಕನೆಯ ಲೂಯಿ ದೊರೆ ಸೇನ್ ನದಿಯ ಮೇಲೆ ಹದಿನಾಲ್ಕು ಮಹಾಚಕ್ರಗಳ ಯಂತ್ರವನ್ನು ೧೬೮೪ರಲ್ಲಿ ಮಾಡಿಸಿ ಮುಗಿಸಿದನು. ಆದರೂ ಎಲ್ಲ ಕಾರಂಜಿಗಳೂ ಒಟ್ಟಿಗೆ ಚಿಮ್ಮುವಷ್ಟು ನೀರು ದೊರೆಯಲಿಲ್ಲ. ದೊರೆ ತೋಟದಲ್ಲಿ ನಡೆದಂತೆಲ್ಲ ಆಳುಗಳು ಸಿಳ್ಳು ಹಾಕಿ ಒಬ್ಬರಿಗೊಬ್ಬರು ಸೂಚನೆ ಕೊಟ್ಟು, ಅವನ ಕಣ್ಣಿಗೆ ಬೀಳುವ ಕಾರಂಜಿಯನ್ನು ಮಾತ್ರ ಬಿಡುತ್ತಿದ್ದರಂತೆ. ಅದಕ್ಕೆ ಎರಡು ವರ್ಷಗಳ ತರುವಾಯ, ೧೬೮೬ರಲ್ಲಿ, ಔರಂಗಜೇಬನ ಸೇನೆಗೆ ಬಿಜಾಪುರ ವಶವಾಯಿತು. ಕಾಲುವೆ ಕೊಳವೆಗಳನ್ನು ನೋಡಿಕೊಳ್ಳುವ ಅರಸೊತ್ತಿಗೆ ಇಲ್ಲದೆ ಹೋದಾಗ ನೀರಿನ ಏರ್ಪಾಡು ಕೆಟ್ಟಿತು. ನೀರು ನಿಂತಲ್ಲಿ ತೋಟ ಒಣಗಿತು. ತೋಟ ಒಣಗಿದ ಮೇಲೆ ಅರಮನೆ ಬರಿಯ ಗೋಡೆಯಾಯಿತು.

ಇದಕ್ಕೂ ಮೊದಲೇ ನಡೆದ ಇನ್ನೊಂದು ಪಾಠವುಂಟು. ಸಂಗೀತಪ್ರಿಯನಾದ ಎರಡನೆಯ ಇಬ್ರಾಹಿಮನು ೧೫೯೯ರಲ್ಲಿ ತೊರವಿಯ ಹತ್ತಿರ ನವರಸಪುರವೆಂಬ ಹೊಸ ನಗರವನ್ನು ಕಟ್ಟತೊಡಗಿದನು. ೧೬೨೪ರಲ್ಲಿ ಅಹಮದನಗರದ ಮಲಿಕ್ ಅಂಬರನ ದಂಡು ಅದನ್ನು ಹಾಳುಗೆಡವಿತು. ಇಪ್ಪತ್ತೈದು ವರ್ಷಗಳಲ್ಲಿ ಒಂದು ನಗರ ಹುಟ್ಟಿ ಮುಗಿದುಹೋಯಿತು! ಗಗನಮಹಲಿನ ಪಡಿಯಚ್ಚಿನಂತಿರುವ ಸಂಗೀತ ಮಹಲಿನ ಕಮಾನು ಇಂದು ಬಯಲಲ್ಲಿ ನಿಂತಿದೆ. ಆದರೆ ತೊರವಿ ಹಳ್ಳಿ ಹಾಳಾಗಲಿಲ್ಲ. ತೊರವೆ ರಾಮಾಯಣವನ್ನು ರಚಿಸಿದ ಕುಮಾರ ವಾಲ್ಮೀಕಿಯ ಇಷ್ಟದೈವವಾದ ನರಸಿಂಹನ ಗುಡಿಯಲ್ಲಿ ಇಂದಿಗೂ ಪೂಜೆ ನಡೆಯುತ್ತದೆ. ಅರಮನೆ ಅಳಿದರೂ ಹಳ್ಳಿ ಉಳಿಯಿತು. ಶಾಂಬೋರಿನ ನಾನೂರು ಕೋಣೆಗಳು ದೊರೆಯಿಲ್ಲದೆ ಬರಿದಾಗಿದ್ದಾಗಲೂ ಸುತ್ತಣ ಒಕ್ಕಲಿಗರು ಉತ್ತು ಬಿತ್ತುತ್ತಲೇ ಇದ್ದರು.

ಆದರೆ ಹಳ್ಳಿ ಸುಮ್ಮನೆ ಉಳಿಯುವುದಿಲ್ಲ. ೧೮೭೬ರಿಂದ ೧೮೭೮ರ ವರೆಗಿನ ಮಹಾಕ್ಷಾಮದಲ್ಲಿ ಈ ಸೀಮೆ ಪಟ್ಟ ಪಾಡು ಹೇಳತೀರದು. ಮುಹಮ್ಮದ ಆದಿಲಶಾಹನು ೧೬೩೩ರಲ್ಲಿ ಕಟ್ಟಿಸಿದ ಮಮದಾಪುರದ ದೊಡ್ಡ ಕೆರೆ ಬಬಲೇಶ್ವರದ ಸೀಮೆಯಲ್ಲಿಯೇ ಇದೆ. ಆ ಅರಸನ ಕಟ್ಟಡಗಳಲ್ಲಿ ಲೋಕವೆಲ್ಲ ನೋಡಹೋಗುವುದು ಅವನ ಸಮಾಧಿಯಾದ ಗೋಳಗುಮ್ಮಟವನ್ನು. ನಮಗೆ ಹೆಚ್ಚಾಗಿ ತೋರಿದುದು ಈ ಕೆರೆಯ ಏರಿ. ಗುಮ್ಮಟ ಒಬ್ಬನ ಹೆಸರನ್ನು ಕಾಪಾಡಿತು, ಕೆರೆ ಊರನ್ನು ಕಾಪಾಡಿತು. ಈಚಿನ ವರ್ಷಗಳಲ್ಲಿ ಕೃಷ್ಣೆಯ ನೀರನ್ನು ಪಂಪುಗಳಿಂದ ಮೇಲೆತ್ತಿ ಈ ಭಾಗದ ಕೆರೆಗಳನ್ನು ತುಂಬಿಸುವ ಕಾರ್ಯ ನಡೆದಿದೆ. ಮುಳವಾಡ ಏತನೀರಾವರಿ, ತುಬಚಿ–ಬಬಲೇಶ್ವರ ಏತನೀರಾವರಿ ಎಂಬ ಯೋಜನೆಗಳ ಹೆಸರು ಇಲ್ಲಿ ಮಕ್ಕಳ ಬಾಯಲ್ಲಿಯೂ ಇದೆ. ಅರಸನೊಬ್ಬನ ಮಂಟಪಕ್ಕೆ ಏರಿದ ನೀರು ಈಗ ಒಕ್ಕಲಿಗನ ಹೊಲಕ್ಕೆ ಏರುತ್ತಿದೆ.

ಹೀಗೆ ತೋಟಗಳು ಈ ನಾಡಿಗೆ ಮರಳಿ ಬಂದಿವೆ. ಆದರೆ ಅರಮನೆಯ ಸುತ್ತಲಲ್ಲ, ಹಳ್ಳಿಯ ಸುತ್ತಲು. ತಿಕೋಟಾ ಬಬಲೇಶ್ವರಗಳ ಕಡೆ ಸಾಲುಸಾಲಾಗಿ ದ್ರಾಕ್ಷಿಯ ಚಪ್ಪರಗಳು ಕಾಣುತ್ತವೆ. ಇಲ್ಲಿ ನಮ್ಮ ಫ್ರಾನ್ಸಿನ ಮಾತು ಮತ್ತೆ ಬರಬೇಕಾಗಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ದ್ರಾಕ್ಷಿತೋಟಗಳಿಗೆ ಬೂಜುರೋಗ ಬಂದು ಎಲೆಗಳೆಲ್ಲ ಉದುರಿದವು. ಬೋರ್ಡೋ ಸೀಮೆಯಲ್ಲಿ ದಾರಿಹೋಕರು ಹಣ್ಣು ಕೀಳದಿರಲೆಂದು ದಾರಿಯ ಬದಿಯ ಬಳ್ಳಿಗಳಿಗೆ ಮೈಲುತುತ್ತವನ್ನೂ ಸುಣ್ಣವನ್ನೂ ಕಲಸಿ ಎರಚುವ ವಾಡಿಕೆಯಿತ್ತು. ಆ ಬಳ್ಳಿಗಳು ಮಾತ್ರ ಹಸಿರಾಗಿ ಉಳಿದುದನ್ನು ಮಿಲಾರ್ಡೇ ಎಂಬ ಸಸ್ಯಶಾಸ್ತ್ರಜ್ಞನು ಕಂಡು, ಪರೀಕ್ಷಿಸಿ, ೧೮೮೫ರಲ್ಲಿ ಲೋಕಕ್ಕೆ ತಿಳಿಸಿದನು. ಆ ಬೋರ್ಡೋ ದ್ರಾವಣವನ್ನು ನಮ್ಮ ದ್ರಾಕ್ಷಿ ಬೆಳೆಗಾರರು ಇಂದಿಗೂ ಅದೇ ಹೆಸರಿನಿಂದ ಬಳಸುತ್ತಾರೆ: ೧೦೦ ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಫ್ರಾನ್ಸನ್ನು ಕಂಡರಿಯದ ರೈತನ ಬಾಯಲ್ಲಿ ಫ್ರಾನ್ಸಿನ ಒಂದು ಊರಿನ ಹೆಸರು ಮನೆಮಾತಾಗಿದೆ.

ಇಲ್ಲಿ ಬಳ್ಳಿಯನ್ನು ವರ್ಷಕ್ಕೆ ಎರಡು ಬಾರಿ ಸವರುತ್ತಾರೆ. ಬೇಸಗೆಯ ಸವರುವಿಕೆ ಕಡ್ಡಿ ಬೆಳೆಯುವುದಕ್ಕೆ, ಅಕ್ಟೋಬರಿನ ಚಾಟನಿ ಹಣ್ಣಿಗೆ. ಮಾಗಿದ ಗೊನೆಗಳನ್ನು ದ್ರಾವಣದಲ್ಲಿ ಅದ್ದಿ, ನೆರಳುಬಲೆಯ ಕೆಳಗೆ ಅಂತಸ್ತು ಅಂತಸ್ತಾದ ತಟ್ಟೆಗಳ ಮೇಲೆ ಹರಡಿ, ಸುಮಾರು ಎರಡು ವಾರ ಒಣಗಿಸಿದರೆ ಒಣದ್ರಾಕ್ಷಿ ಸಿದ್ಧ. ಬಿಸಿಗಾಳಿಯೂ ಒಣಹವೆಯೂ ಜೋಳದ ರೈತನಿಗೆ ಶಾಪವಾದರೆ, ಈ ಕೆಲಸಕ್ಕೆ ವರವಾಗಿವೆ.

ಈ ಸಮೃದ್ಧಿಯನ್ನು ಕಂಡು ನಮಗೆ ಸಂತೋಷವಾಯಿತು. ಜೊತೆಗೆ ಒಂದು ಅಳುಕೂ ಆಯಿತು. ದ್ರಾಕ್ಷಿ ಬಹುವರ್ಷದ ಬಳ್ಳಿ. ಜೋಳ ಒಂದು ವರ್ಷ ಹೋದರೆ ಮರುವರ್ಷ ಬಿತ್ತಬಹುದು. ಬಳ್ಳಿ ಒಣಗಿದರೆ ಹಲವು ವರ್ಷಗಳ ದುಡಿಮೆಯೂ ಸಾಲವಾಗಿ ತಂದ ಬಂಡವಾಳವೂ ಒಟ್ಟಿಗೆ ಒಣಗುತ್ತವೆ. ಬರಗಾಲದಲ್ಲಿ ಟ್ಯಾಂಕರುಗಳಿಂದ ನೀರು ತಂದು ಬಳ್ಳಿಗೆ ಉಣಿಸುವ ರೈತರುಂಟು. ಕೊಳವೆಬಾವಿಗಳು ಆಳಕ್ಕೆ ಇಳಿಯುತ್ತಲೇ ಇವೆ. ಕುಮಟಗಿಯ ಅರಸನಿಗೆ ನೀರು ನಿಂತಾಗ ಒಂದು ವಿನೋದ ನಿಂತಿತು. ನಿಡೋಣಿಯಂತಹ ಊರಿನ ಒಕ್ಕಲಿಗನಿಗೆ ನೀರು ನಿಂತರೆ ಮನೆಯೇ ನಿಲ್ಲುತ್ತದೆ. ಆದುದರಿಂದ ತೊರವಿಯ ಸುರಂಗ, ಗಂಜ್ ಗೋಪುರ, ಮಮದಾಪುರದ ಏರಿ ಇವು ಹಳೆಯ ಕುತೂಹಲದ ವಸ್ತುಗಳೆಂದು ಭಾವಿಸಬಾರದು. ನೀರನ್ನು ತರುವುದು ಅರ್ಧ ಕೆಲಸ, ತಂದ ಏರ್ಪಾಡನ್ನು ತಲೆಮಾರುಗಳ ಕಾಲ ಕಾಯುವುದು ಉಳಿದರ್ಧ ಎಂಬುದನ್ನು ಅವು ಹಾಳುಬಿದ್ದೂ ಹೇಳುತ್ತಿವೆ.

ಈ ಸೀಮೆಯನ್ನು ನೋಡಹೋಗುವವರಿಗೆ ನಮ್ಮ ಅನುಭವದಿಂದ ಎರಡು ಮಾತು. ದೀಪಾವಳಿಯಿಂದ ಶಿವರಾತ್ರಿಯ ವರೆಗಿನ ಕಾಲ ಒಳ್ಳೆಯದು. ಎಳ್ಳಮಾವಾಸ್ಯೆಯ ಹೊತ್ತಿಗೆ ಹೋದರೆ ಮನೆಮಂದಿಯೆಲ್ಲ ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಹೋಗಿ, ಭೂಮಿತಾಯಿಗೆ ಚರಗ ಚೆಲ್ಲಿ, ಬಂದವರನ್ನು ಕೂಡಿಸಿಕೊಂಡು ಉಣ್ಣುವುದನ್ನು ಕಾಣಬಹುದು. ಆಮೇಲೆ ಸೀತನಿಯ ಕಾಲ. ಎಳೆಯ ಜೋಳದ ತೆನೆಯನ್ನು ಸುಟ್ಟು ಉಜ್ಜಿ ಕೊಟ್ಟರೆ ಬೇಡವೆನ್ನಬಾರದು. ಪಟ್ಟಣದ ಮಹಲುಗಳಿಗೆ ಒಂದು ದಿನ, ತೊರವಿ ಕುಮಟಗಿಗಳಿಗೆ ಒಂದು ದಿನ, ಕೆರೆ ಹಳ್ಳಿಗಳಿಗೆ ಒಂದು ದಿನವನ್ನಾದರೂ ಮೀಸಲಿಡಬೇಕು. ವಾಡೆಯೊಳಗೆ ಹೋಗುವ ಮೊದಲು ಮನೆಯವರ ಅಪ್ಪಣೆ ಪಡೆಯಬೇಕು, ತೋಟದೊಳಗೆ ಹೋದರೆ ಬಳ್ಳಿಯನ್ನು ಮುಟ್ಟಬಾರದು ಎಂಬುದನ್ನು ವಿದ್ಯಾವಂತರಿಗೆ ಹೇಳಬೇಕಾಗಿಲ್ಲ.

ನಮ್ಮಲ್ಲಿ ಹಲವರು ಕೃಷ್ಣರಾಜಸಾಗರದ ಬೃಂದಾವನವನ್ನು ಎಷ್ಟೋ ಸಲ ನೋಡಿದ್ದೇವೆ. ದೀಪಗಳ ಬೆಳಕಿನಲ್ಲಿ ಕಾರಂಜಿಗಳನ್ನು ಕಂಡು ಹಿಂತಿರುಗುವಾಗ, ಮೇಲಿರುವ ಕಟ್ಟೆಯನ್ನೂ ಕೆಳಗೆ ಮಂಡ್ಯದ ಗದ್ದೆಗಳನ್ನೂ ನೆನೆಯುವವರು ಎಷ್ಟು ಮಂದಿ? ಕಟ್ಟೆಯಿಲ್ಲದೆ ತೋಟವಿಲ್ಲ, ಗದ್ದೆಯಿಲ್ಲದೆ ಕಟ್ಟೆಗೆ ಅರ್ಥವಿಲ್ಲ. ಲ್ವಾರ್ ಕಣಿವೆಯಲ್ಲಾಗಲಿ, ಕಾವೇರಿಯ ಬಯಲಿನಲ್ಲಾಗಲಿ, ಡೋಣಿಯ ಎರೆಯಲ್ಲಾಗಲಿ ನೋಡುವ ಬಗೆ ಒಂದೇ.

ನಿಡೋಣಿಯನ್ನು ಬಿಟ್ಟು ಹೊರಟ ಸಂಜೆ, ಕೊಯ್ಲಿಗೆ ಬಂದ ಜೋಳದ ಹೊಲಗಳ ಮೇಲೆ ಬಿಸಿಲು ಇಳಿಯುತ್ತಿತ್ತು. ಪಟ್ಟಣ ಹತ್ತಿರವಾದಂತೆ ಗುಮ್ಮಟ ದಿಗಂತದಲ್ಲಿ ಮೇಲೇಳುತ್ತ ಬಂತು. ಹೋಗುವಾಗ ಅದೊಂದನ್ನೇ ಕಂಡಿದ್ದೆವು. ಬರುವಾಗ ಅದರ ಮುಂದೆ ಹರಡಿದ ಹೊಲಗಳೂ ನಮ್ಮ ಕಣ್ಣಿಗೆ ಬಿದ್ದವು.